ಮಕ್ಕಳ ಪರವಾಗಿ ಮನವಿ ಕೊಡಬೇಕು ಅಂತಿದ್ದೇವೆ, ಯಾರಿಗೆ ಕೊಡೋದು?

ಹೊಂಗೆನೆರಳು:
ಎಲ್ಲರಿಗೂ ನಮಸ್ಕಾರ. ಶಿರಾ ಕಡೆಯ ಹಳ್ಳಿ ನಮ್ಮದು. ಊರಲ್ಲೇ ಇರುವ ಕೆಲವರು, ಬೆಂಗಳೂರಲ್ಲಿ ಕೆಲಸಕ್ಕಿರುವ ಕೆಲವರು ಸೇರಿ ಒಂದು ಗುಂಪು ಮಾಡಿಕೊಂಡಿದ್ದೇವೆ. ಇಷ್ಟು ದಿನ ಗಣಪತಿ ಕೂರಿಸೋದು, ಕ್ರಿಕೆಟ್ ಟೂರ್ನಮೆಂಟ್ ನಡೆಸೋದು, ಅಷ್ಟೇ. ಈ ಸಲ ಮಕ್ಕಳಿಗೆ ಏನಾದ್ರೂ ಮಾಡೋಣ ಅಂತ ಮಾತು ಬಂತು. ಬ್ಯಾಗು, ಪೆನ್ಸಿಲ್ ಹಂಚಿ ಫೋಟೋ ತೆಗೆಸಿಕೊಳ್ಳೋದು ಬೇಡ, ಸರ್ಕಾರವನ್ನೇ ಕೇಳೋಣ ಅಂತ ತೀರ್ಮಾನ ಮಾಡಿದೆವು.

ಮನವಿ ಬರೆಯೋಕೆ ಕೂತರೆ ಅದು ಪುಟಗಟ್ಟಲೆ ಬೆಳೆಯಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಅಂಕಿ ನೋಡಿದ್ದೀರಾ? ಕರ್ನಾಟಕದಲ್ಲಿ ಐದು ವರ್ಷದೊಳಗಿನ ಶೇ 35.4 ಮಕ್ಕಳು ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿಲ್ಲ. ಶೇ 65.5 ಮಕ್ಕಳಿಗೆ ರಕ್ತಹೀನತೆ. ಹಿಂದಿನ ಸುತ್ತಿನಲ್ಲಿ ಇದು ಶೇ 60.9 ಇತ್ತು. ಕಡಿಮೆ ಆಗೋದಿರಲಿ, ಜಾಸ್ತಿಯೇ ಆಗಿದೆ. 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 21.3 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿದೆ.

ಇದನ್ನೆಲ್ಲ ಹಾಕಿ, ಶಿಕ್ಷಕರ ಕೊರತೆ, ಶೌಚಾಲಯ, ಅಂಗನವಾಡಿ ಕಟ್ಟಡ ಎಲ್ಲ ಸೇರಿಸಿ ಶಾಸಕರ ಕೈಗೆ ಕೊಡೋಣ ಅಂತಿದ್ದೇವೆ. ಒಬ್ಬ ಗೆಳೆಯ ಮಾತ್ರ ಬೆಂಗಳೂರಿಗೆ ಹೋಗಿ ಫ್ರೀಡಂ ಪಾರ್ಕಲ್ಲಿ ಧರಣಿ ಕೂರೋಣ ಅಂತಾನೆ. ಅನುಭವ ಇರುವವರು ಹೇಳಿ, ಹೇಗೆ ಮಾಡಿದರೆ ಇದು ಕಸದ ಬುಟ್ಟಿಗೆ ಹೋಗಲ್ಲ?

ನಡಾವಳಿ:
ಒಳ್ಳೇದಾಯ್ತು ಕೇಳಿದ್ದು. ನಾನು ಹಿಂದೆ ಗ್ರಾಮ ಪಂಚಾಯಿತಿ ಸದಸ್ಯೆಯಾಗಿದ್ದವಳು. ಶಾಸಕರಿಗೆ ಕೊಟ್ಟ ಮನವಿ ಏನಾಗುತ್ತೆ ಅಂತ ನೇರವಾಗಿ ಹೇಳ್ತೀನಿ. ಅವರು ನಗುತ್ತಾ ತಗೋತಾರೆ, ಪಕ್ಕದಲ್ಲಿ ನಿಂತ ಆಪ್ತ ಸಹಾಯಕರಿಗೆ ಕೊಡ್ತಾರೆ, ಮಾರನೇ ದಿನ ಪೇಪರಿನಲ್ಲಿ ಫೋಟೋ ಬರುತ್ತೆ. ನೀವು ಹತ್ತು ಇಲಾಖೆಯ ವಿಷಯ ಒಂದೇ ಹಾಳೆಯಲ್ಲಿ ಬರೆದಿದ್ದರೆ ಯಾವ ಇಲಾಖೆಯೂ ಅದನ್ನು ತನ್ನದು ಅನ್ನಲ್ಲ.

ಮೊದಲು ಯಾವುದು ಯಾರದ್ದು ಅಂತ ಬಿಡಿಸಿಕೊಳ್ಳಿ. ಅಂಗನವಾಡಿ ಊಟ, ಟೀಚರ್, ಸಹಾಯಕಿ ಇದೆಲ್ಲ ಸಿಡಿಪಿಒ, ಅಂದ್ರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿ. ಶಾಲೆ ಬಿಸಿಯೂಟಕ್ಕೆ ತಾಲ್ಲೂಕು ಪಂಚಾಯಿತಿಯಲ್ಲಿ ಅಕ್ಷರ ದಾಸೋಹದ ಸಹಾಯಕ ನಿರ್ದೇಶಕರು ಇದ್ದಾರೆ. ಶಿಕ್ಷಕರ ವಿಷಯ ಬಿಇಒ, ಅಂದ್ರೆ ಕ್ಷೇತ್ರ ಶಿಕ್ಷಣಾಧಿಕಾರಿ. ಲಸಿಕೆ, ಕಬ್ಬಿಣಾಂಶದ ಮಾತ್ರೆ ತಾಲ್ಲೂಕು ಆರೋಗ್ಯಾಧಿಕಾರಿ. ನಲ್ಲಿ ನೀರು, ಕಾಂಪೌಂಡು, ಶೌಚಾಲಯದ ರಿಪೇರಿ ಬಹುಪಾಲು ನಿಮ್ಮ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದ್ರೆ ಪಿಡಿಒ ಟೇಬಲ್ಲಿನ ಮೇಲೇ ಮುಗಿಯುತ್ತೆ. ಅದಕ್ಕೆ ಬೆಂಗಳೂರು ಯಾಕೆ?

ಇನ್ನೊಂದು. ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ಅಂತ ಮಾಡಬೇಕು, ಸಾಮಾನ್ಯವಾಗಿ ನವೆಂಬರ್ ಆಸುಪಾಸು. ನಾಡಗೀತೆ, ಸ್ವಾಗತ, ಹಾರ, ಭಾಷಣ ಮುಗಿಯೋ ಹೊತ್ತಿಗೆ ಮಕ್ಕಳು ಊಟದ ಕಡೆ ನೋಡ್ತಿರ್ತಾರೆ. ನಮ್ಮಲ್ಲಿ ಒಂದು ವರ್ಷ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಮೈಕ್ ತಗೊಂಡು, "ಶೌಚಾಲಯ ಇದೆ, ಒಳಗೆ ನೀರಿಲ್ಲ, ನಾವು ಹುಡುಗಿಯರು ಮಧ್ಯಾಹ್ನದ ಮೇಲೆ ನೀರೇ ಕುಡಿಯಲ್ಲ" ಅಂದಳು. ಸಭೆ ಸುಮ್ಮನಾಯಿತು. ನಡಾವಳಿ ಪುಸ್ತಕದಲ್ಲಿ ಕಾರ್ಯದರ್ಶಿ ಬರೆದದ್ದು ಒಂದೇ ಸಾಲು, "ಪರಿಶೀಲಿಸಲಾಗುವುದು." ನಾನು ಪುಸ್ತಕ ತಿರುಗಿಸಿಕೊಂಡು ಅದರ ಕೆಳಗೆ, ಯಾರು ಮಾಡಬೇಕು, ಯಾವ ಅನುದಾನದಿಂದ, ಯಾವ ತಾರೀಖಿನೊಳಗೆ ಅಂತ ಬರೆಸಿದೆ. ಆಮೇಲಷ್ಟೇ ಎಲ್ಲರ ಸಹಿ. ಪೈಪ್ ಬಂತು. ಆ ಮಗು ಕೇಳಿದ್ದಕ್ಕಿಂತ ಆ ಮೂರು ವಿವರ ಪುಸ್ತಕಕ್ಕೆ ಏರಿದ್ದಕ್ಕೇ ಬಂತು ಅಂತ ನನ್ನ ಲೆಕ್ಕ. "ಪರಿಶೀಲಿಸಲಾಗುವುದು" ಅಂತ ಬರೆದ ಎಷ್ಟೋ ಸಾಲು ಅದೇ ಪುಸ್ತಕದಲ್ಲಿ ಇನ್ನೂ ಹಾಗೇ ಇವೆ.

ಬೆಳವಲ:
ಅಕ್ಕಾರ ಹೇಳಿದ್ದು ಖರೆ. ಆದರೆ ರಾಜ್ಯದ ಸರಾಸರಿ ಅಂಕಿ ಹಿಡಿದುಕೊಂಡು ಮಾತಾಡಬೇಡಿ ಅಂತ ನನ್ನ ವಿನಂತಿ. ಆ ಸರಾಸರಿಯಲ್ಲಿ ದಕ್ಷಿಣ ಕನ್ನಡವೂ ಇದೆ, ಯಾದಗಿರಿಯೂ ಇದೆ. ನಮ್ಮ ಕಡೆ ಪರಿಸ್ಥಿತಿ ಬೇರೆ. 2011ರಲ್ಲಿ ರಾಯಚೂರು ಜಿಲ್ಲೆಯಲ್ಲಿ ಮಕ್ಕಳು ಅಪೌಷ್ಟಿಕತೆಯಿಂದ ಸತ್ತ ಸುದ್ದಿ ರಾಜ್ಯವೆಲ್ಲ ಆಯಿತು. ವಿಷಯ ಹೈಕೋರ್ಟಿಗೆ ಹೋಯಿತು, ನ್ಯಾಯಮೂರ್ತಿ ಎನ್.ಕೆ. ಪಾಟೀಲ ಅವರ ಸಮಿತಿ 2012ರಲ್ಲಿ ವರದಿ ಕೊಟ್ಟಿತು. ವರದಿಗೆ ಕೊರತೆ ಇಲ್ಲರೀ ನಮ್ಮಲ್ಲಿ. ಅದನ್ನು ಹಿಡಿದು ಪ್ರತಿ ವರ್ಷ ಬೆನ್ನು ಹತ್ತುವವರ ಕೊರತೆ.

ನಮ್ಮ ಊರಿನ ದೊಡ್ಡ ಸಮಸ್ಯೆ ಗುಳೆ. ದೀಪಾವಳಿ ಮುಗಿದರೆ ಕಬ್ಬು ಕಡಿಯಲು ಜನ ಹೊರಟುಬಿಡುತ್ತಾರೆ, ಕೆಲವರು ಮಹಾರಾಷ್ಟ್ರದ ತನಕ. ಉಳಿದವರು ಬೆಂಗಳೂರಿಗೆ, ಕಟ್ಟಡದ ಕೆಲಸಕ್ಕೆ. ಮಗುವಿನ ಹೆಸರು ಊರಿನ ಅಂಗನವಾಡಿ ಪುಸ್ತಕದಲ್ಲಿ, ಮಗು ಕಬ್ಬಿನ ಗದ್ದೆಯ ಬದುವಿನ ಮೇಲೆ ಸೀರೆ ಜೋಳಿಗೆಯಲ್ಲಿ. ಅಲ್ಲಿನ ಅಂಗನವಾಡಿಯವರಿಗೆ ಈ ಮಗು ಇದೆ ಅಂತಲೇ ಗೊತ್ತಿಲ್ಲ. ಲಸಿಕೆ ತಪ್ಪುತ್ತದೆ, ತೂಕ ನೋಡುವವರಿಲ್ಲ. ತಿರುಗಿ ಬರುವ ಹೊತ್ತಿಗೆ ಶಾಲೆಯ ಮಗುವಿನ ಪರೀಕ್ಷೆ ಮುಗಿದಿರುತ್ತದೆ.

ಹಂಗಾಗಿ ನಾವು ಕೇಳುವುದು ಇಷ್ಟು. ಯಾವ ಕುಟುಂಬ ಎಲ್ಲಿಗೆ ಹೋಗುತ್ತದೆ ಅಂತ ದಸರಾಕ್ಕೆ ಮೊದಲೇ ಪಂಚಾಯಿತಿಯಲ್ಲಿ ಪಟ್ಟಿಯಾಗಲಿ. ಲಸಿಕೆ, ತಪಾಸಣೆ ಬರೆದಿರುವ ತಾಯಿ ಕಾರ್ಡು ಕೈಯಲ್ಲಿ ಕೊಟ್ಟು ಕಳಿಸಲಿ. ಹೋದ ಊರಿನ ಆಶಾ ಕಾರ್ಯಕರ್ತೆಗೆ ಒಂದು ಫೋನ್ ಹೋಗಲಿ. ದೊಡ್ಡ ಮಕ್ಕಳಿಗೆ ಊರಲ್ಲೇ ಹಾಸ್ಟೆಲ್ಲಿನಲ್ಲಿ ಜಾಗ ಸಿಗಲಿ. ಜನ ಹೊರಟ ಮೇಲೆ ಜನವರಿಯಲ್ಲಿ ಮನವಿ ಕೊಟ್ಟು ಉಪಯೋಗವಿಲ್ಲ.

ಕಟ್ಟೆಪುರಾಣ:
ಕ್ಷಮಿಸಿ, ಕಹಿ ಮಾತು ಹೇಳ್ತೀನಿ. ಇಲ್ಲಿ ಬರೆಯುತ್ತಿರುವವರಲ್ಲಿ ಎಷ್ಟು ಜನರ ಮಕ್ಕಳು ಸರ್ಕಾರಿ ಶಾಲೆಯಲ್ಲಿದ್ದಾರೆ? ಬೆಳಿಗ್ಗೆ ಊರ ಬಾಗಿಲಿಗೆ ಹಳದಿ ವ್ಯಾನ್ ಬರುತ್ತೆ, ಹೊತ್ತುಕೊಂಡು ಹೋಗುತ್ತೆ. ಊರಿನ ಶಾಲೆಯಲ್ಲಿ ಉಳಿಯೋದು ಫೀಸ್ ಕಟ್ಟೋಕೆ ಆಗದವರ ಮಕ್ಕಳು. ಅವರ ಪರವಾಗಿ ಮಾತಾಡೋರು ಯಾರು? ಮೊಟ್ಟೆ, ಹಾಲು ಅಂತ ಕೊಟ್ಟ ತಕ್ಷಣ ಶಾಲೆ ಉದ್ಧಾರ ಆಗುತ್ತಾ?

ಹೊಂಗೆನೆರಳು:
ಅಣ್ಣ, ನಮ್ಮ ಗುಂಪಿನಲ್ಲಿ ಅರ್ಧಕ್ಕರ್ಧ ಅದೇ ಶಾಲೆಯಲ್ಲಿ ಓದಿದವರು. ಈಗಿನ ಮಕ್ಕಳ ಅಪ್ಪ ಅಮ್ಮಂದಿರೂ ಇದ್ದಾರೆ. ಬರೀ ಹೊರಗಿನವರು ಅಂತ ಅಂದ್ಕೋಬೇಡಿ.

ಸ್ಲೇಟುಬಳಪ:
ಕಟ್ಟೆಪುರಾಣ ಅವರೇ, ಮೊಟ್ಟೆಯಿಂದ ಶಾಲೆ ಉದ್ಧಾರ ಆಗಲ್ಲ, ಮಗು ಉದ್ಧಾರ ಆಗುತ್ತೆ. ನಾನು ಸರ್ಕಾರಿ ಶಾಲೆ ಮೇಷ್ಟ್ರು. ಮೊಟ್ಟೆ ದಿನ ಹಾಜರಿ ಹೇಗಿರುತ್ತೆ ಅಂತ ನನ್ನನ್ನು ಕೇಳಿ.

ಈ ಮೊಟ್ಟೆ ಸುಲಭವಾಗಿ ಬಂದದ್ದಲ್ಲ ಅನ್ನೋದನ್ನ ಹೊಸಬರು ತಿಳ್ಕೊಬೇಕು. 2021ರ ಡಿಸೆಂಬರ್‌ನಲ್ಲಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ ಜಿಲ್ಲೆಗಳ ಶಾಲೆಯಲ್ಲಿ ಶುರುವಾಯಿತು. ಎಷ್ಟು ಗದ್ದಲ ಆಯಿತು ನೆನಪಿದೆಯಾ? ಕೆಲವು ಮಠಾಧೀಶರು ವಿರೋಧ ಮಾಡಿದರು. ಆಗ ಕೊಪ್ಪಳ ಕಡೆಯ ಹೆಣ್ಣುಮಕ್ಕಳೇ ಎದ್ದು ನಿಂತು ನಮಗೆ ಮೊಟ್ಟೆ ಬೇಕು ಅಂತ ಮಾತಾಡಿದರು, ಆ ವಿಡಿಯೊ ರಾಜ್ಯವೆಲ್ಲ ಓಡಾಡಿತು. ಮೊಟ್ಟೆ ಸಿಗುತ್ತಿದ್ದ ಯಾದಗಿರಿ ಮಕ್ಕಳನ್ನು, ಸಿಗದಿದ್ದ ಗದಗದ ಮಕ್ಕಳ ಜೊತೆ ಹೋಲಿಸಿದ ಅಧ್ಯಯನವೂ ಆಯಿತು. ಯಾದಗಿರಿ ಮಕ್ಕಳ ತೂಕ ಚೆನ್ನಾಗಿ ಏರಿತ್ತು. ಆಮೇಲೆ ಎಲ್ಲ ಜಿಲ್ಲೆಗೂ ಬಂತು. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಹಣ ಕೊಡೋಕೆ ಒಪ್ಪಿದ ಮೇಲೆ ವಾರಕ್ಕೆ ಆರು ದಿನ ಆಯಿತು. ತಿನ್ನದವರಿಗೆ ಬಾಳೆಹಣ್ಣು. ಯಾರಿಗೂ ಬಲವಂತ ಇಲ್ಲ.

ಈಗ ಇದರ ಒಳಗಿನ ಕಥೆ. ಒಂದು ಮೊಟ್ಟೆಗೆ 6 ರೂಪಾಯಿ ಲೆಕ್ಕ. ಅದರಲ್ಲೇ ಕೊಳ್ಳೋದು, ಸಾಗಿಸೋದು, ಬೇಯಿಸೋಕೆ ಗ್ಯಾಸು, ಸುಲಿಯೋ ಕೂಲಿ ಎಲ್ಲ. ಚಳಿಗಾಲ ಬಂದರೆ ಅಂಗಡಿಯಲ್ಲೇ ಮೊಟ್ಟೆ 6 ದಾಟುತ್ತೆ. ಟ್ರೇಗಳನ್ನು ಬೈಕಿನ ಹಿಂದೆ ಕಟ್ಟಿಕೊಂಡು ಮಣ್ಣು ರಸ್ತೆಯಲ್ಲಿ ಬಂದರೆ ನಾಲ್ಕೈದು ಒಡೆದಿರುತ್ತೆ. ಒಡೆದದ್ದಕ್ಕೆ ಯಾವ ಲೆಕ್ಕದಲ್ಲೂ ಜಾಗ ಇಲ್ಲ. ಅದು ಮುಖ್ಯ ಶಿಕ್ಷಕರ ಜೇಬು. ಹೀಗಾದಾಗ ಕೆಲವು ಕಡೆ ಏನು ಮಾಡ್ತಾರೆ ಅಂದ್ರೆ ಮೊಟ್ಟೆ ಬದಲು ಬಾಳೆಹಣ್ಣು ಕೊಟ್ಟು ಸುಮ್ಮನಾಗ್ತಾರೆ. ಕಾಗದದಲ್ಲಿ ಎಲ್ಲ ಸರಿ ಇರುತ್ತೆ.

ನೀವು ಶಾಲೆಗೆ ಬಂದು "ಮೊಟ್ಟೆ ಯಾಕೆ ಕೊಟ್ಟಿಲ್ಲ ಸಾರ್" ಅಂತ ವಿಡಿಯೊ ಮಾಡಿದರೆ ಮೇಷ್ಟ್ರು ಬೈಸಿಕೊಳ್ತಾರೆ, ದರ ಬದಲಾಗಲ್ಲ. ಮಾರುಕಟ್ಟೆ ದರಕ್ಕೆ ತಕ್ಕಂತೆ ತಿಂಗಳಿಗೊಮ್ಮೆ ಮೊಟ್ಟೆ ದರ ಪರಿಷ್ಕರಿಸಿ ಅಂತ ಕೇಳಿ. ಅದು ಕೇಳಬೇಕಾದ ಜಾಗ ನಮ್ಮ ಶಾಲೆ ಅಲ್ಲ.

ದಾದಿಯಮ್ಮ:
ಮೇಷ್ಟ್ರು ಸರಿಯಾದ ಮಾತು ಹೇಳಿದರು. ನಾನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡೋಳು. ರಕ್ತಹೀನತೆ ಅಂಕಿ ಹಾಕಿದ್ದೀರಲ್ಲ, ಅದರ ಬಗ್ಗೆ ಒಂದಿಷ್ಟು.

ರಕ್ತಹೀನತೆಗೆ ಹೊಸ ಯೋಜನೆ ಕೇಳಬೇಡಿ ಮಾರಾಯ್ರೆ. ಇರೋದು ಸಾಕಷ್ಟಿದೆ. ಆರು ತಿಂಗಳಿಂದ ಐದು ವರ್ಷದ ಮಗುವಿಗೆ ವಾರಕ್ಕೆ ಎರಡು ಸಲ 1 ಎಂ.ಎಲ್. ಕಬ್ಬಿಣಾಂಶದ ಸಿರಪ್. ಐದರಿಂದ ಒಂಬತ್ತು ವರ್ಷಕ್ಕೆ ವಾರಕ್ಕೊಂದು ಗುಲಾಬಿ ಮಾತ್ರೆ, ಹತ್ತರಿಂದ ಮೇಲೆ ನೀಲಿ ಮಾತ್ರೆ. ವರ್ಷಕ್ಕೆ ಎರಡು ಸಲ ಜಂತುಹುಳದ ಅಲ್ಬೆಂಡಜೋಲ್. ಸರ್ಕಾರದ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬಂದು ಪ್ರತಿ ಮಗುವನ್ನೂ ನೋಡಬೇಕು. ಇಷ್ಟೂ ನಿಮ್ಮ ಊರಲ್ಲಿ ನಡೀತಿದೆಯಾ? ಅಷ್ಟು ನೋಡಿ ಸಾಕು. ಸಿರಪ್ ಬಾಟಲಿ ಎಷ್ಟೋ ಮನೆಯಲ್ಲಿ ದೇವರ ಗೂಡಿನ ಪಕ್ಕ ಸೀಲ್ ಒಡೆಯದೆ ಕೂತಿರುತ್ತೆ. ಕೊಟ್ಟರೆ ಮಗುವಿಗೆ ಮಲ ಕಪ್ಪಗಾಗುತ್ತೆ, ತಾಯಿ ಹೆದರಿ ನಿಲ್ಲಿಸ್ತಾಳೆ. ಹಾಗಾಗೋದು ಸಹಜ ಅಂತ ಯಾರೂ ಮೊದಲೇ ಹೇಳಿರಲ್ಲ. ಊಟ ಆದ ತಕ್ಷಣ ಮಕ್ಕಳಿಗೂ ಟೀ ಕುಡಿಸೋ ಅಭ್ಯಾಸ ಬೇರೆ. ಟೀ ಜೊತೆ ಕಬ್ಬಿಣಾಂಶ ಮೈಗೆ ಹತ್ತಲ್ಲ.

ತೀವ್ರ ಅಪೌಷ್ಟಿಕತೆ ಅನ್ನೋದನ್ನ ಕಣ್ಣಲ್ಲಿ ನೋಡಿ ಹೇಳಬೇಡಿ. ತೋಳಿನ ಸುತ್ತಳತೆ ಅಳೆಯೋ ಪಟ್ಟಿ ಇರುತ್ತೆ. ಎಡತೋಳಿನ ನಡುಭಾಗ 11.5 ಸೆಂಟಿಮೀಟರ್‌ಗಿಂತ ಕಡಿಮೆ ಬಂದರೆ ಕೆಂಪು. ಅಂಥ ಮಗುವಿಗೆ ತೊಂದರೆ ಜಾಸ್ತಿ ಇದ್ದರೆ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಬೇಕು, ಸುಮಾರು 14 ದಿನ. ತಾಯಿಗೂ ಊಟ, ಕೂಲಿ ನಷ್ಟಕ್ಕೆ ಹಣ ಎಲ್ಲ ಉಂಟು. ಆದರೂ ತಾಯಂದಿರು ಬರಲ್ಲ. ಯಾಕೆ? ಮನೆಯಲ್ಲಿ ಇನ್ನೊಂದು ಮಗು, ಹಾಲು ಕರೆಯೋ ಎಮ್ಮೆ, "ಆಸ್ಪತ್ರೆಗೆ ಹೋಗೋ ಅಂಥದ್ದೇನಾಗಿದೆ" ಅನ್ನೋ ಅತ್ತೆ. ಬಂದವರೂ ನಾಲ್ಕನೇ ದಿನಕ್ಕೆ ಸಹಿ ಮಾಡಿ ಹೊರಟುಬಿಡ್ತಾರೆ. ನಿಮ್ಮ ಗುಂಪಿನ ಹುಡುಗರಿಗೆ ಕೈಲಾದರೆ ಇದು ಮಾಡಿ. ಆ 14 ದಿನ ಆ ಮನೆಯ ಇನ್ನೊಂದು ಮಗುವನ್ನು ನೋಡಿಕೊಳ್ಳೋಕೆ, ದನಕ್ಕೆ ಹುಲ್ಲು ಹಾಕೋಕೆ ಯಾರನ್ನಾದ್ರೂ ಒಪ್ಪಿಸಿ. ಇದಕ್ಕೆ ಯಾವ ಇಲಾಖೆಯೂ ಆದೇಶ ಹೊರಡಿಸೋಕೆ ಆಗಲ್ಲ.

ಟೀಚರ್‌ಮಗಳು:
ನಮ್ಮಮ್ಮ ಅಂಗನವಾಡಿ ಟೀಚರ್. ಈ ಚರ್ಚೆ ಓದ್ತಾ ಒಂದು ಹೆದರಿಕೆ ಶುರುವಾಯಿತು. ಯಾಕಂದ್ರೆ ಮಕ್ಕಳ ಪರ ಅಂತ ಹೊರಟ ಗುಂಪುಗಳು ಮೊದಲು ಬಂದು ನಿಲ್ಲೋದು ಅಮ್ಮನ ಮುಂದೆ. ಅವಳು ಸುಲಭಕ್ಕೆ ಸಿಗ್ತಾಳೆ ಅಲ್ವಾ.

ಅವಳ ದಿನ ಹೇಗಿರುತ್ತೆ ಗೊತ್ತಾ? ಬೆಳಿಗ್ಗೆ ಮಕ್ಕಳನ್ನು ಕರ್ಕೊಂಡು ಬರೋದು, ಅಡುಗೆ, ಪಾಠ, ತೂಕ. ಇಷ್ಟು ಅವಳ ಕೆಲಸ. ಇದರ ಮೇಲೆ ಪೋಷಣ್ ಟ್ರ್ಯಾಕರ್ ಅನ್ನೋ ಮೊಬೈಲ್ ಆ್ಯಪ್. 2025ರ ಜುಲೈಯಿಂದ ಮನೆಗೆ ಒಯ್ಯೋ ಆಹಾರ ಕೊಡೋಕೆ ಫಲಾನುಭವಿಯ ಮುಖ ಗುರುತು ಹಿಡಿಯೋದು ಕಡ್ಡಾಯ. ನೆಟ್‌ವರ್ಕ್ ಸಿಗೋ ಜಾಗ ನಮ್ಮೂರಲ್ಲಿ ಒಂದೇ, ದೇವಸ್ಥಾನದ ಹಿಂದಿನ ಬಂಡೆ. ತಾಯಂದಿರನ್ನು ಒಬ್ಬೊಬ್ಬರನ್ನೇ ಅಲ್ಲಿಗೆ ಕರೆದುಕೊಂಡು ಹೋಗಿ, ಮುಖಕ್ಕೆ ಬಿಸಿಲು ಬೀಳದ ಹಾಗೆ ನಿಲ್ಲಿಸಿ, ಕಣ್ಣು ಮಿಟುಕಿಸು ಅಂತ ಹೇಳಿ ಫೋಟೋ ತೆಗೀತಾಳೆ. ಮ್ಯಾಚ್ ಆಗಲಿಲ್ಲ ಅಂದ್ರೆ ಮತ್ತೆ ಮೊದಲಿಂದ. ಆ ಹೊತ್ತಿಗೆ ಕೇಂದ್ರದಲ್ಲಿ ಮಕ್ಕಳ ಜೊತೆ ಸಹಾಯಕಿ ಒಬ್ಬರೇ. ಚುನಾವಣೆ ಬಂದರೆ ಮತದಾರರ ಪಟ್ಟಿ, ಸಮೀಕ್ಷೆ ಬಂದರೆ ಸಮೀಕ್ಷೆ. ಮೊಟ್ಟೆ ಹಣ ತಡವಾದರೆ ಅಂಗಡಿಯವನ ಹತ್ತಿರ ಸಾಲ ಅವಳ ಹೆಸರಲ್ಲಿ.

ಅವಳ ಮೇಲೆ ದೂರು ಬರೆಯೋ ಮೊದಲು ಬಾಲವಿಕಾಸ ಸಮಿತಿ ಸಭೆಗೆ ಹೋಗಿ ಕೂರಿ. ಪ್ರತಿ ಅಂಗನವಾಡಿಗೂ ಆ ಸಮಿತಿ ಇದೆ, ತಾಯಂದಿರೇ ಇರ್ತಾರೆ. ಅಲ್ಲಿ ಬರೆದ ಠರಾವು ಮೇಲ್ವಿಚಾರಕಿಗೆ ಹೋಗುತ್ತೆ. ಟೀಚರ್ ಬಾಯಿ ಬಿಟ್ಟು ಕೇಳಿದರೆ ನೋಟಿಸ್ ಬರಬಹುದು. ತಾಯಂದಿರು ಕೇಳಿದರೆ ಉತ್ತರ ಬರುತ್ತೆ.

ನಡಾವಳಿ:
ಮಗಳೇ, ಇದು ಎಲ್ಲರೂ ಓದಬೇಕಾದ ಮಾತು. ಹೊಂಗೆನೆರಳು, ನಿಮ್ಮ ಮನವಿಯಲ್ಲಿ "ಅಂಗನವಾಡಿ ಸರಿಯಾಗಿ ನಡೆಯುತ್ತಿಲ್ಲ" ಅನ್ನೋ ಸಾಲು ಇದ್ದರೆ ಈಗಲೇ ಅಳಿಸಿ.

ಕಾಡಹಾದಿ:
ಮಲೆನಾಡಿನಿಂದ ನನ್ನದೊಂದು. 2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಶುರುವಾಯಿತು. ಬಸುರಿ, ಬಾಣಂತಿಯರು ಅಂಗನವಾಡಿಗೆ ಬಂದು ಬಿಸಿಯೂಟ ಮಾಡಬೇಕು. ಯೋಚನೆ ಒಳ್ಳೆಯದೇ. ಮನೆಗೆ ಅಕ್ಕಿ ಬೇಳೆ ಕೊಟ್ಟರೆ ಎಲ್ಲರ ಹೊಟ್ಟೆಗೂ ಹಂಚಿ ಹೋಗುತ್ತೆ, ಅವಳ ಹೊಟ್ಟೆಗೆ ಸಿಗಲ್ಲ. ಆದರೆ ನಮ್ಮಲ್ಲಿ ಮನೆಯಿಂದ ಮನೆಗೇ ಒಂದು ಗುಡ್ಡ. ಜುಲೈ ಮಳೆಯಲ್ಲಿ ಎಂಟು ತಿಂಗಳ ಬಸುರಿ ಹಳ್ಳ ದಾಟಿ, ಜಿಗಣೆ ಕಚ್ಚಿಸಿಕೊಂಡು ಊಟಕ್ಕೆ ಬರ್ತಾಳಾ? ಬಯಲುಸೀಮೆ ನೋಡಿ ಬರೆದ ನಿಯಮ ಇದು. ನಮ್ಮ ಕಡೆಯವರು ವರ್ಷಗಟ್ಟಲೆ ಇದನ್ನೇ ಹೇಳಿಕೊಂಡು ಬಂದಿದ್ದೇವೆ.

ಶಾಲೆದೂ ಅದೇ. ಮಕ್ಕಳ ಸಂಖ್ಯೆ ಕಡಿಮೆ ಅಂತ ಸಣ್ಣ ಶಾಲೆ ಮುಚ್ಚಿ ದೊಡ್ಡದಕ್ಕೆ ಸೇರಿಸಿದರೆ ಮೈದಾನದಲ್ಲಿ ಅದು ಎರಡು ಕಿಲೋಮೀಟರ್, ಇಲ್ಲಿ ಕಾಡಿನ ದಾರಿ. ಒಂದರಿಂದ ಐದನೇ ತರಗತಿಗೆ 1 ಕಿಲೋಮೀಟರ್ ಒಳಗೆ ಶಾಲೆ ಇರಬೇಕು ಅಂತ ಶಿಕ್ಷಣ ಹಕ್ಕಿನ ನಿಯಮವೇ ಹೇಳುತ್ತೆ.

ಒಂದು ಕೆಲಸ ಮಾತ್ರ ಆಯಿತು, ಹೇಳ್ತೀನಿ. ಹೈಸ್ಕೂಲ್ ಹುಡುಗಿಯರು ಒಂಬತ್ತನೇ ಕ್ಲಾಸಿಗೇ ಬಿಡ್ತಿದ್ದರು. ಬಡತನ, ಮದುವೆ ಅಂತ ಎಲ್ಲರೂ ಏನೇನೋ ಕಾರಣ ಹೇಳಿದರು. ಮನೆಗಳಿಗೆ ಹೋಗಿ ಕೇಳಿದರೆ, ಸಂಜೆ ಬಸ್ಸು ಶಾಲೆ ಬಿಡೋಕೆ ಕಾಲು ಗಂಟೆ ಮೊದಲೇ ಹೊರಟುಹೋಗುತ್ತಿತ್ತು. ಮುಂದಿನ ಬಸ್ಸಿಗೆ ಕತ್ತಲಾಗ್ತಿತ್ತು. ಪೋಷಕರು ಸಹಿ ಹಾಕಿದ ಒಂದು ಪುಟದ ಅರ್ಜಿ, ಜೊತೆಗೆ ಮುಖ್ಯ ಶಿಕ್ಷಕರ ಪತ್ರ, ಡಿಪೊ ವ್ಯವಸ್ಥಾಪಕರಿಗೆ ಕೊಟ್ಟೆವು. ಬಸ್ಸಿನ ಹೊತ್ತು ಬದಲಾಯಿತು. ಇದು ಯಾವ ಮಕ್ಕಳ ಕಲ್ಯಾಣ ಯೋಜನೆಯ ಪಟ್ಟಿಯಲ್ಲೂ ಇಲ್ಲ.

ಲೆಕ್ಕದಬುಕ್ಕು:
ಬಸ್ಸು, ಪೈಪು ಎಲ್ಲ ಸರಿ. ಆದರೆ ಎಲ್ಲರೂ ಪಿಡಿಒ ಟೇಬಲ್ಲಿಗೇ ನಿಂತುಬಿಟ್ಟರೆ ದೊಡ್ಡ ವಿಷಯ ಕೇಳೋರು ಯಾರು? ಶಿಕ್ಷಕರ ನೇಮಕಾತಿ ಗ್ರಾಮಸಭೆಯಲ್ಲಿ ಆಗಲ್ಲ. ಅತಿಥಿ ಶಿಕ್ಷಕರ ಮೇಲೆ ವರ್ಷಗಟ್ಟಲೆ ನಡೆಯೋ ಶಾಲೆಗಳಿವೆ. 60 ಮಕ್ಕಳ ತನಕ ಇಬ್ಬರು ಶಿಕ್ಷಕರು ಅಂತ ಕಾನೂನು ಹೇಳುತ್ತೆ. ಅದರಲ್ಲಿ ಒಬ್ಬರು ಮೀಟಿಂಗಿಗೆ ಹೋದರೆ ಐದು ತರಗತಿಗೆ ಉಳಿದವರೊಬ್ಬರೇ.

ಒಂದು ಉದಾಹರಣೆ ಕೊಡ್ತೀನಿ. ಅಂಗನವಾಡಿ ಮಗುವಿನ ಪೂರಕ ಆಹಾರಕ್ಕೆ ದಿನಕ್ಕೆ 8 ರೂಪಾಯಿ ಅಂತ ಕೇಂದ್ರ ಸರ್ಕಾರ 2017ರಲ್ಲಿ ನಿಗದಿ ಮಾಡಿದ ದರ. ಆಗಿನ ಬೇಳೆ, ಎಣ್ಣೆ ಬೆಲೆ ನೆನಪು ಮಾಡಿಕೊಳ್ಳಿ. ಶಾಲೆ ಬಿಸಿಯೂಟದ ದರವನ್ನಾದ್ರೂ ಆಗಾಗ ಏರಿಸ್ತಾರೆ. 2025ರ ಮೇನಲ್ಲಿ ಪ್ರಾಥಮಿಕ ತರಗತಿಗೆ 6 ರೂಪಾಯಿ 78 ಪೈಸೆ ಆಯಿತು. ಅಂಗನವಾಡಿಯದ್ದು ಅಲ್ಲಾಡಲಿಲ್ಲ. ಹಾಲು, ಮೊಟ್ಟೆಗೆ ರಾಜ್ಯ ತನ್ನ ಕೈಯಿಂದ ಹಾಕುತ್ತೆ, ಅದು ಬೇರೆ.

ನಮ್ಮ ರಾಜ್ಯ 2020-21ರ ಬಜೆಟ್‌ನಿಂದ ಮಕ್ಕಳ ಆಯವ್ಯಯ ಅಂತ ಪ್ರತ್ಯೇಕ ಪುಸ್ತಕ ಮಂಡಿಸುತ್ತೆ. ಯಾರು ಓದ್ತಾರೆ? ಯಾವ ಯೋಜನೆಗೆ ಎಷ್ಟು ಇಟ್ಟರು, ಹಿಂದಿನ ವರ್ಷ ಎಷ್ಟು ಖರ್ಚಾಯಿತು, ಅದರಲ್ಲೇ ಇರುತ್ತೆ. ಬಜೆಟ್ ಮಂಡನೆ ಫೆಬ್ರುವರಿ, ಮಾರ್ಚ್. ಇಲಾಖೆಗಳು ಬೇಡಿಕೆ ಬರೆಯೋದು ಅದಕ್ಕೂ ತಿಂಗಳುಗಳ ಮೊದಲು. ಬಜೆಟ್ ಓದಿದ ಮೇಲೆ ಮನವಿ ಕೊಟ್ಟರೆ ಮುಂದಿನ ವರ್ಷದ ತನಕ ಕಾಯಬೇಕು.

ಶಾಸಕರ ಹತ್ತಿರ ಹೋಗಲೇಬೇಡಿ ಅನ್ನೋದನ್ನೂ ನಾನು ಒಪ್ಪಲ್ಲ. ಮನವಿ ಕೊಡಬೇಡಿ, ಪ್ರಶ್ನೆ ಬರೆದು ಕೊಡಿ. "ಈ ತಾಲ್ಲೂಕಿನಲ್ಲಿ ಖಾಲಿ ಇರುವ ಶಿಕ್ಷಕರ ಹುದ್ದೆ ಎಷ್ಟು, ಯಾವಾಗ ಭರ್ತಿ?" ಅಂತ ಸದನದಲ್ಲಿ ಕೇಳಿಸಿ. ಸಚಿವರ ಉತ್ತರ ಲಿಖಿತವಾಗಿ ದಾಖಲಾಗುತ್ತೆ. ವಿಧಾನ ಪರಿಷತ್ತಿನಲ್ಲಿ ಶಿಕ್ಷಕರ ಕ್ಷೇತ್ರದಿಂದಲೇ ಏಳು ಜನ ಇದ್ದಾರೆ, ಅವರನ್ನು ಯಾಕೆ ಬಿಡ್ತೀರಿ?

ನಡಾವಳಿ:
ಇದು ನನಗೂ ಹೊಳೆದಿರಲಿಲ್ಲ, ಪ್ರಶ್ನೆ ಬರೆದು ಕೊಡೋದು ಚೆನ್ನಾಗಿದೆ. ಆದರೆ ಒಂದು ಮಾತು. ಸದನದ ಉತ್ತರಕ್ಕೆ ಅಂಕಿ ಹೋಗೋದು ಇದೇ ತಾಲ್ಲೂಕು ಕಚೇರಿಯಿಂದ. ಕೆಳಗೆ ನಿಮ್ಮ ಹತ್ತಿರ ಠರಾವು, ಸ್ವೀಕೃತಿ ಏನೂ ಇಲ್ಲ ಅಂದ್ರೆ "ಯಾವುದೇ ದೂರು ಬಂದಿರುವುದಿಲ್ಲ" ಅಂತ ಬರೆದು ಕಳಿಸ್ತಾರೆ. ಅದನ್ನೇ ಸಚಿವರು ಓದ್ತಾರೆ.

ಕಟ್ಟೆಪುರಾಣ:
ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಬಡ ಮಕ್ಕಳಿಗೆ ಅಂತ ಇಟ್ಟ ಖಾಸಗಿ ಶಾಲೆಯ ಶೇ 25 ಸೀಟಿನ ಬಗ್ಗೆ ಯಾರೂ ಮಾತೇ ಆಡಲಿಲ್ಲ. ನಮ್ಮ ಬೀದಿಯ ಒಬ್ಬ ಗಾರೆ ಕೆಲಸದವರ ಮಗ ಅದರಲ್ಲೇ ಓದಿದ.

ಕೋರ್ಟುಕಟ್ಟೆ:
ಆ ಬಾಗಿಲು ಹೆಚ್ಚುಕಮ್ಮಿ ಮುಚ್ಚಿದೆ. 2019ರಿಂದ ನಮ್ಮ ರಾಜ್ಯದಲ್ಲಿ ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಆ ಸೀಟು ಕೊಡಬೇಕಾಗಿಲ್ಲ. ಹೈಕೋರ್ಟ್ ಕೂಡ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅದು ಸರಿಯೋ ತಪ್ಪೋ, ಬೇರೆಯೇ ಚರ್ಚೆ ಬೇಕು. ಅದೇ ಶಿಕ್ಷಣ ಹಕ್ಕು ಕಾಯ್ದೆಯ ಇನ್ನೊಂದು ಭಾಗ ಜೀವಂತ ಇದೆ, ಅದನ್ನು ಬಳಸಿ. ಮಗುವಿನ ಶಿಕ್ಷಣದ ಹಕ್ಕಿನ ಬಗ್ಗೆ ಲಿಖಿತ ದೂರು ಕೊಟ್ಟರೆ ಸ್ಥಳೀಯ ಪ್ರಾಧಿಕಾರ ಮೂರು ತಿಂಗಳಲ್ಲಿ ತೀರ್ಮಾನ ಕೊಡಬೇಕು ಅಂತ 32ನೇ ಸೆಕ್ಷನ್ ಹೇಳುತ್ತೆ. ತೃಪ್ತಿಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ. ಎಸ್‌ಡಿಎಂಸಿ, ಅಂದ್ರೆ ಶಾಲಾಭಿವೃದ್ಧಿ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರು ಇರಬೇಕು, ಅರ್ಧದಷ್ಟು ಹೆಂಗಸರು. ನಿಮ್ಮ ಶಾಲೆಯಲ್ಲಿ ಆ ಹೆಂಗಸರು ಸಭೆಗೆ ಬರ್ತಾರಾ, ಇಲ್ಲ ಮನೆಗೇ ಪುಸ್ತಕ ಕಳಿಸಿ ಸಹಿ ಹಾಕಿಸಿಕೊಳ್ತಾರಾ?

ಮಾಹಿತಿ ಹಕ್ಕಿನ ಅರ್ಜಿ ಹಾಕೋದಾದ್ರೆ ಎರಡು ವಿಷಯ ಗಮನಿಸಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. "ಯಾಕೆ ಕೊಟ್ಟಿಲ್ಲ" ಅಂತ ಕೇಳಬೇಡಿ, ಅದಕ್ಕೆ ಉತ್ತರ ಕೊಡಬೇಕಾಗಿಲ್ಲ. ಹೀಗೆ ಬರೆಯಿರಿ: "ಇಂಥ ಅಂಗನವಾಡಿ ಕೇಂದ್ರಕ್ಕೆ ಕಳೆದ ಆರು ತಿಂಗಳಲ್ಲಿ ಮೊಟ್ಟೆ ಖರೀದಿಗೆ ಬಿಡುಗಡೆಯಾದ ಹಣ, ಬಿಡುಗಡೆಯಾದ ದಿನಾಂಕ ಮತ್ತು ಆಯಾ ತಿಂಗಳ ಫಲಾನುಭವಿಗಳ ಸಂಖ್ಯೆ ಇರುವ ದಾಖಲೆಯ ನಕಲು ಕೊಡಿ." ಹಣ ಎರಡು ತಿಂಗಳು ತಡವಾಗಿದ್ದರೆ ಅದು ಅದರಲ್ಲೇ ಕಾಣುತ್ತೆ, ಟೀಚರ್ ಮೇಲೆ ಯಾರೂ ಬೆರಳು ತೋರಿಸೋಕೆ ಆಗಲ್ಲ.

ಬಾಲ್ಯವಿವಾಹವನ್ನು ದಯವಿಟ್ಟು ಮನವಿಯ ಐಟಂ ಮಾಡಬೇಡಿ. ಕರ್ನಾಟಕದಲ್ಲಿ 2016ರ ತಿದ್ದುಪಡಿ ಆದ ಮೇಲೆ ಅಂಥ ಮದುವೆ ಮೊದಲಿನಿಂದಲೇ ಅನೂರ್ಜಿತ. ಸುಳಿವು ಸಿಕ್ಕ ದಿನವೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಹೆಸರು ಹೇಳಬೇಕಾಗಿಲ್ಲ. ಗುಂಪಿನಲ್ಲಿ ಚರ್ಚೆಗೆ ಹಾಕಿದರೆ ಮದುವೆ ಮನೆಯವರಿಗೆ ಮೊದಲು ಗೊತ್ತಾಗುತ್ತೆ, ರಾತ್ರೋರಾತ್ರಿ ಬೇರೆ ಊರಿನ ದೇವಸ್ಥಾನದಲ್ಲಿ ತಾಳಿ ಕಟ್ಟಿಸ್ತಾರೆ. ಮತ್ತೆ, ಸೊರಗಿದ ಮಗುವಿನ ಫೋಟೋ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಹಾಕೋದು ಬೇಡವೇ ಬೇಡ. ಆ ಮಗು ನಾಳೆ ಅದೇ ಊರಲ್ಲಿ ಬೆಳೀಬೇಕು.

ಹೊಂಗೆನೆರಳು:
ಎಲ್ಲರಿಗೂ ವಂದನೆ. ನಿನ್ನೆ ರಾತ್ರಿ ಗುಂಪಿನವರು ಸೇರಿ ಉದ್ದದ ಮನವಿಯನ್ನು ಬದಿಗಿಟ್ಟೆವು. ಬೆಂಗಳೂರು ಧರಣಿ ಗೆಳೆಯ ಸ್ವಲ್ಪ ಮುನಿಸಿಕೊಂಡಿದ್ದಾನೆ, ಬಜೆಟ್ ಪುಸ್ತಕ ಓದೋ ಕೆಲಸ ಅವನಿಗೇ ಕೊಟ್ಟಿದ್ದೇವೆ.

ಈಗ ಮೂರು ಬೇರೆ ಬೇರೆ ಹಾಳೆ. ಒಂದು ಪಿಡಿಒಗೆ, ಶಾಲೆ ಶೌಚಾಲಯಕ್ಕೆ ನೀರಿನ ಸಂಪರ್ಕ ಮತ್ತು ಅಂಗನವಾಡಿ ಅಡುಗೆಮನೆಯ ಸೋರುವ ಚಾವಣಿ. ಎರಡನೆಯದು ಆರೋಗ್ಯ ಇಲಾಖೆಗೆ, ವೈದ್ಯರ ತಂಡ ನಮ್ಮ ಅಂಗನವಾಡಿಗೆ ಮತ್ತು ಶಾಲೆಗೆ ಬರುವ ತಾರೀಖು ಮೊದಲೇ ತಿಳಿಸಿ ಅಂತ, ಪೋಷಕರನ್ನೂ ಅವತ್ತು ಕರೆಸೋಕೆ. ಮೂರನೆಯದು ಶಾಸಕರಿಗೆ, ಮನವಿ ಅಲ್ಲ, ಎರಡು ಪ್ರಶ್ನೆ. ಒಂದು ಶಿಕ್ಷಕರ ಹುದ್ದೆ, ಇನ್ನೊಂದು ಮೊಟ್ಟೆ ದರ.

ಬಾಲವಿಕಾಸ ಸಮಿತಿ ಸಭೆ ಯಾವತ್ತು ಅಂತ ಅಂಗನವಾಡಿ ಟೀಚರನ್ನೇ ಕೇಳಿದೆವು. "ನೀವೇ ಕೇಳಿದ್ದು ಮೊದಲು" ಅಂದರು.

ಸ್ಲೇಟುಬಳಪ:
ಮೊಟ್ಟೆ ದರದ ಪ್ರಶ್ನೆಯಲ್ಲಿ ಸಾಗಣೆ ಮತ್ತು ಒಡೆದು ಹೋಗೋ ಲೆಕ್ಕವನ್ನೂ ಸೇರಿಸಿ. ಬರೀ "ದರ ಏರಿಸುತ್ತೀರಾ" ಅಂದ್ರೆ "ಪರಿಶೀಲನೆಯಲ್ಲಿದೆ" ಅಂತ ಬರುತ್ತೆ.

ಬೆಳವಲ:
ನಿಮ್ಮ ಊರಿಗೂ ಇಟ್ಟಿಗೆ ಭಟ್ಟಿಗೆ, ತೋಟದ ಕೆಲಸಕ್ಕೆ ನಮ್ಮ ಕಡೆಯವರು ಬಂದಿರುತ್ತಾರೆ, ನೋಡಿರಿ. ಅವರ ಮಕ್ಕಳ ಹೆಸರು ನಿಮ್ಮ ಅಂಗನವಾಡಿ ಪುಸ್ತಕದಲ್ಲಿ ಬರೆಸಿರಿ. ಅದಕ್ಕೆ ಅರ್ಜಿ ಬೇಕಿಲ್ಲ.

ಹೊಂಗೆನೆರಳು:
ಇದ್ದಾರೆ ಅಣ್ಣ, ಕೋಳಿ ಫಾರಂ ಹತ್ತಿರ ಶೆಡ್ಡಿನಲ್ಲಿ. ಭಾನುವಾರ ಹೋಗ್ತೀವಿ.

ನಡಾವಳಿ:
ಮೂರೂ ಹಾಳೆಯನ್ನು ಎರಡೆರಡು ಪ್ರತಿ ಮಾಡಿಸಿ. ಒಂದು ಅವರಿಗೆ, ಇನ್ನೊಂದರ ಮೇಲೆ ಸ್ವೀಕೃತಿ ಮುದ್ರೆ, ಸಹಿ, ತಾರೀಖು. "ಸಾಹೇಬ್ರು ಇಲ್ಲ, ಇಟ್ಟು ಹೋಗಿ" ಅಂದ್ರೆ ಇಟ್ಟು ಬರಬೇಡಿ. ಟಪಾಲು ವಿಭಾಗದಲ್ಲಿ ಕೊಟ್ಟು ನಂಬರ್ ಬರೆಸಿಕೊಳ್ಳಿ.